ಓದುಗರ ಪ್ರಶ್ನೆ: ಅಮ್ಮನ ಫೈಲ್ ಇನ್ನೊಂದು ಆಸ್ಪತ್ರೆಗೆ ಯಾಕೆ ಸಿಗಲಿಲ್ಲ?

ಪ್ರಶ್ನೆ: ಅಮ್ಮನಿಗೆ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಆಮೇಲೆ ಬೇರೆ ಪ್ರದೇಶದ ಆಸ್ಪತ್ರೆಗೆ ಹೋದರೆ ಅಲ್ಲಿ ಅವರ ಫೈಲೇ ಸಿಗಲಿಲ್ಲ. ಆಸ್ಪತ್ರೆಗಳು ಫೈಲ್ ಹಂಚಿಕೊಳ್ಳುವ ನೆಟ್‌ವರ್ಕ್‌ಗಳು ಎರಡೂ ಕಡೆ ಇವೆ, ಅವನ್ನು ಜೋಡಿಸಿದ್ದಾರಂತೆ. ಹೆಸರು ಹೊಡೆದರೆ ಬರಬೇಕಲ್ವಾ?

ಉತ್ತರ: ಬರಬೇಕು, ಆದರೆ ಯಾವ ಹೆಸರು ಹೊಡೆದರು? ಒಂದು ಕಡೆ ಇನಿಷಿಯಲ್ ಮುಂದೆ ಇರುತ್ತದೆ, ಇನ್ನೊಂದು ಕಡೆ ಹಿಂದೆ. ಲಕ್ಷ್ಮಿ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಎಕ್ಸ್ ಹಾಕುತ್ತಾರೆ, ಇನ್ನೊಬ್ಬರು ಕೆ-ಎಸ್-ಎಚ್. ನಮಗೆ ಒಬ್ಬರೇ ಲಕ್ಷ್ಮಮ್ಮ, ಕಂಪ್ಯೂಟರಿಗೆ ಇಬ್ಬರು. ಹುಟ್ಟಿದ ತಾರೀಖು ಗೊತ್ತಿಲ್ಲ ಅಂದರೆ ಕೌಂಟರಿನವರು ಸುಮ್ನೆ ಜನವರಿ 1 ಅಂತ ತುಂಬಿಬಿಡುತ್ತಾರೆ. ಫೋನ್ ನಂಬರ್ ಮಗನದು.

ಎಷ್ಟೋ ನೆಟ್‌ವರ್ಕ್‌ಗಳಲ್ಲಿ ಫೈಲ್ ಆಯಾ ಆಸ್ಪತ್ರೆಯಲ್ಲೇ ಉಳಿಯುತ್ತದೆ. ನಡುವೆ ಇರುವುದು ಒಂದು ಸೂಚಿ ಮಾತ್ರ, ಅದನ್ನು ಮಾಸ್ಟರ್ ಪೇಷೆಂಟ್ ಇಂಡೆಕ್ಸ್ ಅಂತಾರೆ. ಯಾರ ಫೈಲ್ ಎಲ್ಲೆಲ್ಲಿದೆ ಅಂತ ಹೇಳುವುದು ಅದರ ಕೆಲಸ. ಎರಡು ನೆಟ್‌ವರ್ಕ್ ಸೇರಿದಾಗ ಒಂದು ಸೂಚಿ ಇನ್ನೊಂದನ್ನು ಕೇಳುತ್ತದೆ: ಈ ಹೆಸರು, ಈ ತಾರೀಖಿನವರು ನಿಮ್ಮಲ್ಲಿ ಇದ್ದಾರಾ?

ಉತ್ತರ ಹೌದು-ಅಲ್ಲ ಅಂತ ಇರುವುದಿಲ್ಲ, ಅಂಕ ಇರುತ್ತದೆ. ಇದಕ್ಕೆ ಗಟ್ಟಿ ಲೆಕ್ಕ ಹಾಕಿಕೊಟ್ಟವರು ಕೆನಡಾದ ಸಂಖ್ಯಾಶಾಸ್ತ್ರಜ್ಞರಾದ ಫೆಲ್ಲೆಗಿ ಮತ್ತು ಸಂಟರ್, 1969ರಲ್ಲಿ. ಅಪರೂಪದ ಹೆಸರು ಹೊಂದಿದರೆ ಜಾಸ್ತಿ ಅಂಕ, ಎಲ್ಲರಿಗೂ ಇರುವ ಹೆಸರಾದರೆ ಕಡಿಮೆ. ಹೆಣ್ಣು-ಗಂಡು ಹೊಂದಿದ್ದಕ್ಕೆ ಹೆಚ್ಚೇನೂ ಸಿಗುವುದಿಲ್ಲ, ಯಾರನ್ನು ಹಿಡಿದರೂ ಅರ್ಧದಷ್ಟು ಸಲ ಅದು ಹೊಂದಿಯೇ ಹೊಂದುತ್ತದೆ. ಒಟ್ಟು ಅಂಕ ಒಂದು ಗೆರೆ ದಾಟಿದರೆ ಒಬ್ಬರೇ ಅಂತ ಜೋಡಣೆ, ಇನ್ನೊಂದು ಗೆರೆಗಿಂತ ಕೆಳಗಿದ್ದರೆ ಬೇರೆ. ನಡುವೆ ಬಿದ್ದವರನ್ನು ಮನುಷ್ಯರೇ ಕೂತು ನೋಡಬೇಕು. ಆ ಗೆರೆಯನ್ನು ಒಂದೊಂದು ನೆಟ್‌ವರ್ಕ್ ಒಂದೊಂದು ಕಡೆ ಎಳೆದಿರಬಹುದು. ಇಲ್ಲಿ ಪಾಸಾದ ಅಮ್ಮ ಅಲ್ಲಿ ಫೇಲಾಗುವುದು ಹೀಗೆ.

ಗೆರೆ ಕೆಳಗಿಳಿಸಿದರೆ ಆಯ್ತಲ್ಲ ಅನ್ನಬೇಡಿ. ಅವಳಿ ಅಕ್ಕತಂಗಿಯರನ್ನು ನೆನೆಸಿಕೊಳ್ಳಿ: ಒಂದೇ ಮನೆ, ಒಂದೇ ಫೋನು, ಒಂದೇ ತಾರೀಖು, ಹೆಸರು ಸುಮಾ ಮತ್ತು ಸುಧಾ. ಒಬ್ಬಳಿಗೆ ಪೆನ್ಸಿಲಿನ್ ಆಗುವುದಿಲ್ಲ. ಫೈಲ್ ಸಿಗದಿದ್ದರೆ ಡಾಕ್ಟರು ಕೇಳಿಯಾದರೂ ತಿಳಿದುಕೊಳ್ಳುತ್ತಾರೆ, ತಪ್ಪು ಫೈಲ್ ಸಿಕ್ಕರೆ ಕೇಳುವುದೇ ಇಲ್ಲ. ನನ್ನ ಪ್ರಕಾರ ಸಿಗದಿರುವುದೇ ವಾಸಿ.

ಪ್ರಶ್ನೆ: ಎಲ್ಲರಿಗೂ ಒಂದೊಂದು ನಂಬರ್ ಕೊಟ್ಟರೆ ಈ ರಗಳೆಯೇ ಇರಲ್ಲ ಅಲ್ವಾ?

ಉತ್ತರ: ಬಹಳಷ್ಟು ಕಡಿಮೆಯಾಗುತ್ತದೆ. ಡೆನ್ಮಾರ್ಕ್ 1968ರಲ್ಲೇ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೊಡುವ ನಂಬರಿನಲ್ಲಿ 10 ಅಂಕಿ, ಕೊನೆಯದು ತಾಳೆ ನೋಡುವುದಕ್ಕೆ. ಒಂದಂಕಿ ತಪ್ಪಿ ಹೊಡೆದರೆ ಅದು ಹಿಡಿಯುತ್ತದೆ, ಆದರೆ ಗಂಡನ ಕಾರ್ಡ್ ಕೊಟ್ಟು ಹೆಂಡತಿಯನ್ನು ದಾಖಲು ಮಾಡಿದರೆ ಹಿಡಿಯುವುದಿಲ್ಲ. ಅಮೆರಿಕದಲ್ಲಿ 1996ರ ಕಾಯ್ದೆಯೇ ಇಂಥ ನಂಬರ್ ಬೇಕು ಅಂದಿತ್ತು. ಎರಡು ವರ್ಷದ ನಂತರ ಅಲ್ಲಿನ ಸಂಸತ್ತು ಖಾಸಗಿತನದ ಭಯದಿಂದ ಅದಕ್ಕೆ ದುಡ್ಡು ಖರ್ಚು ಮಾಡಬೇಡಿ ಅಂತ ತಡೆಯಿತು. ಇನ್ನು ಪ್ರಜ್ಞೆ ತಪ್ಪಿ ಬಂದವರು, ಈಗಷ್ಟೇ ಹುಟ್ಟಿದ ಮಗು, ನಂಬರ್ ಇಲ್ಲದ ಹಳೇ ಫೈಲ್‌ಗಳು ಇವಕ್ಕೆಲ್ಲ ಮತ್ತೆ ಹೆಸರು-ತಾರೀಖೇ ಗತಿ.

ಪ್ರಶ್ನೆ: ನನ್ನ ಹೆಸರಲ್ಲಿ ಬೇರೆಯವರ ರಕ್ತಪರೀಕ್ಷೆ ರಿಪೋರ್ಟ್ ಕಾಣುತ್ತಿದೆ. ಬ್ಲಡ್ ಗ್ರೂಪೇ ಬೇರೆ! ಡಿಲೀಟ್ ಮಾಡಿ ಅಂತ ಹೇಳಲಾ?

ಉತ್ತರ: ಡಿಲೀಟ್ ಬೇಡ, ಅದು ಇನ್ಯಾರಿಗೋ ಬೇಕಾದ ರಿಪೋರ್ಟು. ಮೊದಲು ಡಾಕ್ಟರಿಗೆ ಹೇಳಿ, ಆದರೆ ಅಲ್ಲಿಗೇ ಬಿಡಬೇಡಿ. ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗಕ್ಕೆ ಬರೆದುಕೊಡಿ: ಯಾವ ತಾರೀಖಿನ ಯಾವ ರಿಪೋರ್ಟ್ ನನ್ನದಲ್ಲ ಅಂತ. ಎರಡು ಫೈಲ್ ಸೇರಿಸುವುದು ಒಂದು ಕ್ಲಿಕ್ಕಿನ ಕೆಲಸ, ಬಿಡಿಸುವುದು ಅಕ್ಕಿ-ರಾಗಿ ಬೆರೆತಂತೆ, ಒಂದೊಂದು ಸಾಲು ನೋಡಿ ಇದು ಯಾರದು ಅಂತ ಆರಿಸಬೇಕು. ಅವರು ಸರಿಪಡಿಸಿದ ಮೇಲೆ ನೆಟ್‌ವರ್ಕಿನ ಸೂಚಿಯಲ್ಲೂ ಬಿಡಿಸಿದರಾ ಅಂತ ಕೇಳಿ. ಇಲ್ಲಿ ತೆಗೆದದ್ದು ಅಲ್ಲಿಂದ ವಾಪಸ್ ಬರಬಹುದು. ಹಾಗೇ, ನಿಮ್ಮ ರಿಪೋರ್ಟ್ ಯಾವುದಾದರೂ ಆ ಇನ್ನೊಬ್ಬರ ಫೈಲಿಗೆ ಹೋಗಿದೆಯಾ ಅಂತಲೂ ವಿಚಾರಿಸಿ.