ವಾರಗಿತ್ತಿ ಬರುತ್ತಿದ್ದಾಳೆ, ರೂಮು ಎಲ್ಲಿ ಮಾಡಲಿ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಯಜಮಾನರಿಗೆ ಖಾಸಗಿ ಕಂಪನಿಯಲ್ಲಿ ಕೆಲಸ, ನಾನು ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ದಸರಾ ರಜೆಗೆ ಮೈದುನ, ವಾರಗಿತ್ತಿ ಮತ್ತು ಅವರ ಇಬ್ಬರು ಮಕ್ಕಳು ಬೆಂಗಳೂರಿನಿಂದ ತಮ್ಮ ಏಳು ಸೀಟಿನ ಕಾರಿನಲ್ಲಿ ಬರುತ್ತಿದ್ದಾರೆ. ಮಕ್ಕಳಿಗೆ ಇಮ್ಯಾಜಿಕಾ ಅಮ್ಯೂಸ್‌ಮೆಂಟ್ ಪಾರ್ಕ್ ತೋರಿಸುತ್ತೇನೆ ಅಂತ ಹೋದ ವರ್ಷವೇ ಮಾತು ಕೊಟ್ಟಿದ್ದೆ. ನಮ್ಮ ಇಬ್ಬರು ಮಕ್ಕಳು, ಅತ್ತೆ ಎಲ್ಲ ಸೇರಿ ಒಂಬತ್ತು ಜನ. ಭಿಶಿ (ಚೀಟಿ) ಹಣ, ಟ್ಯೂಷನ್ ಹಣ ಕೂಡಿಸಿ ಇದಕ್ಕೆಂದೇ 40,000 ರೂಪಾಯಿ ತೆಗೆದಿಟ್ಟಿದ್ದೇನೆ. ವಾರಗಿತ್ತಿ ಪಾರ್ಕಿನ ಪಕ್ಕದ ದೊಡ್ಡ ಹೋಟೆಲಿನ ಫೋಟೊ ಕಳಿಸಿ "ಅಕ್ಕಾ, ಇಲ್ಲೇ ಉಳಿಯೋಣ" ಅಂದಳು. ನಮ್ಮ ದಿನಗಳಿಗೆ ಅಲ್ಲಿ ರೂಮಿಗೆ 11,000. ಮೂರು ರೂಮು ಬೇಕು. ಯಜಮಾನರು ಲೋನಾವಾಲದಲ್ಲಿ 6,000ದ ರಿಸಾರ್ಟ್ ನೋಡಿದ್ದಾರೆ. ಹಣ ಸಾಲದಿದ್ದರೆ ಕ್ರೆಡಿಟ್ ಕಾರ್ಡಿನಲ್ಲಿ ಇಎಂಐ ಮಾಡೋಣ, ತಮ್ಮನ ಮುಂದೆ ಸಣ್ಣವನಾಗಲಾರೆ ಅನ್ನುತ್ತಾರೆ. ನಾನು ಪಾರ್ಕಿಗೆ ಹತ್ತಿರದ ಖೋಪೋಲಿಯ ಒಂದು ಲಾಡ್ಜಿಗೆ ಫೋನ್ ಮಾಡಿದೆ. 2,400 ಅಂದರು. ಅದನ್ನು ಹೇಳಿದ್ದಕ್ಕೆ ಮನೆಯಲ್ಲಿ ಮಾತೇ ನಿಂತುಹೋಗಿದೆ. ಅತ್ತೆಗೆ ಮೊಣಕಾಲು ನೋವು, ಪಾರ್ಕ್ ಬೇಡ ಅನ್ನುತ್ತಾರೆ, ಆದರೆ ಅವರೊಬ್ಬರನ್ನೇ ಮನೆಯಲ್ಲಿ ಬಿಡಲು ನನಗೆ ಮನಸ್ಸಿಲ್ಲ. ಯಜಮಾನರಿಗೂ ಎತ್ತರದ ಆಟ ಆಗುವುದಿಲ್ಲ. ಏನು ಮಾಡಲಿ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ತಂಗೀ, ಮೊದಲು ಲೆಕ್ಕ ಮುಗಿಸೋಣ. ಆಮೇಲೆ ಮನಸ್ಸಿನ ವಿಷಯಕ್ಕೆ ಬರೋಣ.

ಪಾರ್ಕಿನ ಪಕ್ಕದ ಹೋಟೆಲಿನಲ್ಲಿ ಮೂರು ರೂಮು ಅಂದರೆ 33,000. ದಿನಕ್ಕೆ 7,500 ರೂಪಾಯಿ ದಾಟಿದ ರೂಮಿಗೆ ಜಿಎಸ್‌ಟಿ ಶೇಕಡಾ 18. ಒಟ್ಟು 38,940 ಆಯಿತು. ನಿಮ್ಮ ಕೈಯಲ್ಲಿ ಉಳಿಯುವುದು 1,060 ರೂಪಾಯಿ. ಪಾರ್ಕಿನ ಟಿಕೆಟ್ ಇನ್ನೂ ತಗೊಂಡಿಲ್ಲ, ಯಾರೂ ಊಟ ಮಾಡಿಲ್ಲ. ಇದನ್ನು ಒಂದು ಕಾಗದದ ಮೇಲೆ ಬರೆದು ಯಜಮಾನರ ಮುಂದಿಡಿ. ವಾದ ಮಾಡಬೇಡಿ, ಕಾಗದ ಕೊಡಿ ಸಾಕು. ಇಎಂಐ ಮಾತ್ರ ಖಂಡಿತ ಬೇಡ. ಒಂದು ರಾತ್ರಿಯ ನಿದ್ದೆಗೆ ತಿಂಗಳುಗಟ್ಟಲೆ ಬಡ್ಡಿ ಕಟ್ಟುವುದು ನಿಮ್ಮ ಸಂಸಾರಕ್ಕೆ ಆಗಿಬರುವಂಥದ್ದಲ್ಲ.

ಖೋಪೋಲಿ ಲಾಡ್ಜಿಗೆ ಮೂರು ರೂಮಿಗೆ 7,200. 7,500ರ ಒಳಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಾಗಾಗಿ 7,560. ಎರಡು ಎಕ್ಸ್‌ಟ್ರಾ ಗಾದಿ ಹಾಕಿಸಿಕೊಂಡರೂ ಒಂಬತ್ತು ಸಾವಿರದೊಳಗೆ ಮುಗಿಯಬೇಕು. ಯಾರಾದರೂ ಈಗಲೂ ಶೇಕಡಾ 12 ಹಾಕಿ ಬಿಲ್ ಕೊಟ್ಟರೆ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಇನ್ನು ಲೋನಾವಾಲ. ನಮ್ಮ ಮುಂಬೈ ಕನ್ನಡಿಗರಿಗೆ ಇಮ್ಯಾಜಿಕಾ ಅಂದ ತಕ್ಷಣ ಬಾಯಿಗೆ ಬರುವ ಊರು ಅದೇ. ಹೆಸರು ಗೊತ್ತು, ಚಿಕ್ಕಿ ಗೊತ್ತು, ಹೀಗಾಗಿ ರೂಮೂ ಅಲ್ಲೇ ಹುಡುಕುತ್ತೇವೆ. ಆದರೆ ಪಾರ್ಕ್ ಇರುವುದು ಘಟ್ಟದ ಕೆಳಗೆ, ರಾಯಗಡ ಜಿಲ್ಲೆಯ ಖಾಲಾಪುರ ತಾಲೂಕಿನಲ್ಲಿ, ಖೋಪೋಲಿಯಿಂದ ಪಾಲಿ ಎಂಬ ಊರಿಗೆ ಹೋಗುವ ರಸ್ತೆಯಲ್ಲಿ. ಲೋನಾವಾಲ ಘಟ್ಟದ ಮೇಲೆ. ಬೆಂಗಳೂರಿಗೆ ವಾಪಸ್ ಹೋಗುವ ನಿಮ್ಮ ಮೈದುನನಿಗೆ ಅದು ದಾರಿಯಲ್ಲೇ ಸಿಗುತ್ತದೆ, ನಿಜ. ಆದರೆ ಅತ್ತೆ ಹಗಲು ಎಲ್ಲಿರಬೇಕು? ಅವರನ್ನು ಮೇಲೆ ರೂಮಿನಲ್ಲಿ ಬಿಟ್ಟು, ಕೆಳಗಿಳಿದು ಪಾರ್ಕಿಗೆ ಬಂದು, ರಾತ್ರಿ ಸುಸ್ತಾದ ಮಕ್ಕಳನ್ನು ಕೂರಿಸಿಕೊಂಡು ಮತ್ತೆ ಬೋರ್ ಘಟ್ಟ ಹತ್ತಬೇಕು. ಒಂದೇ ದಿನದಲ್ಲಿ ಮೂರು ಸಲ ಘಟ್ಟ ಆಯಿತು. ಇಡೀ ದಿನ ಆಡಿಸಿ ದಣಿದ ಡ್ರೈವರ್ ನಿಮ್ಮ ಮೈದುನನೇ ಅಲ್ವಾ? ಜೊತೆಗೆ ನವರಾತ್ರಿಯಲ್ಲಿ ಕಾರ್ಲಾದ ಏಕವೀರಾ ದೇವಿಗೆ ಬರುವ ಜನಜಂಗುಳಿ ಆ ಕಡೆಯೇ. ದರ ಜಾಸ್ತಿ, ಅನುಕೂಲ ಕಡಿಮೆ. ನಾನಾದರೆ ಬಿಟ್ಟುಬಿಡುತ್ತೇನೆ.

ನೀವು ಒಂದು ವಿಷಯ ಗಮನಿಸಿಲ್ಲ ಅಂತ ಕಾಣುತ್ತದೆ. ನಿಮ್ಮ ಅನುಕೂಲವೆಲ್ಲ ಅದರಲ್ಲೇ ಇದೆ. ಮೈದುನನ ಕಾರು ಪುಣೆ ದಾರಿಯಲ್ಲಿ ಬಂದು ಪುಣೆ ದಾರಿಯಲ್ಲೇ ಹೋಗುತ್ತದೆ. ಖೋಪೋಲಿ ಆ ದಾರಿಯಲ್ಲೇ ಇದೆ. ಪಾರ್ಕನ್ನು ರಜೆಯ ಮಧ್ಯದಲ್ಲಿ ಇಡಬೇಡಿ, ಅವರು ಊರಿಗೆ ಹೊರಡುವ ಹಿಂದಿನ ದಿನಕ್ಕೆ ಇಡಿ. ಮೊದಲ ದಿನಗಳು ಡೊಂಬಿವಲಿ ಮನೆಯಲ್ಲಿ ಕಳೆಯಲಿ. ಕೊನೆಯ ದಿನ ಪಾರ್ಕ್, ರಾತ್ರಿ ಖೋಪೋಲಿ, ಮರುದಿನ ಬೆಳಿಗ್ಗೆ ಅವರು ನೇರ ಘಟ್ಟ ಹತ್ತಿ ಬೆಂಗಳೂರು ದಾರಿ ಹಿಡಿಯಲಿ. ಅವರು ಮತ್ತೆ ಡೊಂಬಿವಲಿವರೆಗೆ ಬರುವುದು ತಪ್ಪುತ್ತದೆ. ನಿಮಗೆ ಟೆಂಪೊ ಟ್ರಾವೆಲರ್ ಬಾಡಿಗೆ, ಡ್ರೈವರ್ ರಾತ್ರಿ ಭತ್ಯೆ ಎಲ್ಲ ಉಳಿಯುತ್ತದೆ.

ಹೋಗುವ ಬಗೆ ಹೀಗೆ. ಬೆಳಿಗ್ಗೆ ಕಾರಿನಲ್ಲಿ ಅವರು ನಾಲ್ವರು, ಅತ್ತೆ, ನಿಮ್ಮ ಚಿಕ್ಕ ಮಗು. ಉಳಿದ ಒಂದು ಸೀಟು ಮಡಚಿದರೆ ಅವರ ಬೆಂಗಳೂರಿನ ಸಾಮಾನಿಗೆ ಜಾಗ. ನೀವು, ಯಜಮಾನರು, ದೊಡ್ಡ ಮಗು ಲೋಕಲ್ ರೈಲಿನಲ್ಲಿ ಬನ್ನಿ. ಬೆಳಗಿನ ನೂಕುನುಗ್ಗಲೆಲ್ಲ ಮುಂಬೈ ಕಡೆಗೆ, ಕರ್ಜತ್ ಕಡೆ ಹೋಗುವ ಗಾಡಿಯಲ್ಲಿ ಆರಾಮಾಗಿ ಕೂರಬಹುದು. ನೇರ ಖೋಪೋಲಿ ಲೋಕಲ್‌ಗಳು ಕಡಿಮೆ, ಸಿಗದಿದ್ದರೆ ಕರ್ಜತ್‌ನಲ್ಲಿ ಇಳಿದು ಗಾಡಿ ಬದಲಿಸಿ. ಆ ಕವಲು ಹಳಿಯಲ್ಲಿ ಗಾಡಿ ತಪ್ಪಿದರೆ ಕಾಯಬೇಕಾಗುತ್ತದೆ, ಅದಕ್ಕೇ ಟೈಮ್ ಟೇಬಲ್ ಮುಂಚೆಯೇ ನೋಡಿಕೊಳ್ಳಿ. ಎಲ್ಲರೂ ಲಾಡ್ಜಿನಲ್ಲಿ ಸೇರಿ. ಸಾಮಾನು ಇಳಿಸಿ, ಅತ್ತೆಯನ್ನು ರೂಮಿನಲ್ಲಿ ಕೂರಿಸಿ. ಅಲ್ಲಿಂದ ಪಾರ್ಕಿಗೆ ಹೋಗುವವರು ನೀವು, ಮೈದುನ, ವಾರಗಿತ್ತಿ, ನಾಲ್ಕು ಮಕ್ಕಳು. ಸರಿಯಾಗಿ ಏಳು ಜನ, ಏಳು ಸೀಟು.

ಅತ್ತೆಯ ಜೊತೆ ಉಳಿಯಬೇಕಾದವರು ನೀವಲ್ಲ, ನಿಮ್ಮ ಯಜಮಾನರು. ಸೊಸೆ ಉಳಿಯಲಿ ಅಂತ ಯಾರಾದರೂ ಅಂದೇ ಅನ್ನುತ್ತಾರೆ, ಒಪ್ಪಬೇಡಿ. ಅವರಿಗೆ ಎತ್ತರದ ಆಟ ಆಗುವುದಿಲ್ಲ, ತಾಯಿಯ ಜೊತೆ ಇಡೀ ದಿನ ಕೂತು ಮಾತಾಡಿ ಎಷ್ಟು ಕಾಲವಾಯಿತೋ. ಬಿಸಿಲು ಇಳಿದ ಮೇಲೆ ರಿಕ್ಷಾ ಮಾಡಿಕೊಂಡು ತಾಯಿಯನ್ನು ಮಹಡದ ವರದವಿನಾಯಕನ ದರ್ಶನಕ್ಕೆ ಕರೆದುಕೊಂಡು ಹೋಗಲಿ. ಅಷ್ಟವಿನಾಯಕಗಳಲ್ಲಿ ಒಂದು, ಖೋಪೋಲಿಗೆ ಹತ್ತಿರ. ಸಂಕಷ್ಟಿ ದಿನ ಮಾತ್ರ ಬೇಡ, ಅವತ್ತು ಸಾಲಿನಲ್ಲಿ ನಿಲ್ಲಲು ಅವರ ಮೊಣಕಾಲಿಗೆ ಆಗದು. ಎರಡು ಟಿಕೆಟ್ಟೂ ಉಳಿಯಿತು, ಅತ್ತೆಗೂ ಪ್ರವಾಸ ಆಯಿತು.

ಈಗ ಲಾಡ್ಜಿನ ವಿಷಯ. ಅಗ್ಗ ಅಂತ ಕಣ್ಣು ಮುಚ್ಚಿ ಒಪ್ಪಬೇಡಿ. ಕೆಟ್ಟ ಲಾಡ್ಜು ಸಿಕ್ಕರೆ ನಿಮ್ಮ ಮಾತಿಗೆ ಮುಂದೆ ಬೆಲೆ ಇರಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೂಮನ್ನು ಫೋಟೊ ನೋಡಿ ಆರಿಸಬೇಡಿ, ರಾತ್ರಿ ಎಂಟೂವರೆಗೆ ನೀವು ಬಾಗಿಲು ತೆಗೆದು ಒಳಗೆ ಬರುವ ಹೊತ್ತನ್ನು ನೆನೆಸಿಕೊಂಡು ಆರಿಸಿ. ಮಕ್ಕಳು ಅರ್ಧ ನಿದ್ದೆಯಲ್ಲಿರುತ್ತಾರೆ. ಮೈಯೆಲ್ಲ ಬೆವರು, ಧೂಳು. ಆಗ ಬೇಕಾಗುವುದು ಬಿಸಿನೀರು. ಎಷ್ಟೋ ಲಾಡ್ಜುಗಳಲ್ಲಿ ಬಿಸಿನೀರು ಬಿಡುವುದು ಬೆಳಿಗ್ಗೆ ಎರಡು ಮೂರು ಗಂಟೆ ಮಾತ್ರ. "ಬಿಸಿನೀರು ಇದೆಯಾ" ಅಂತ ಕೇಳಿದರೆ "ಇದೆ" ಅಂತಲೇ ಹೇಳುತ್ತಾರೆ. "ರಾತ್ರಿ ಒಂಬತ್ತಕ್ಕೆ ಬರುತ್ತಾ, ರೂಮಿನಲ್ಲೇ ಗೀಸರ್ ಇದೆಯಾ" ಅಂತ ಕೇಳಿ.

ಆಮೇಲೆ ಅತ್ತೆಯ ರೂಮು. ಮೇಲಿನ ಮಹಡಿ ಬೇಡ, ಗ್ರೌಂಡ್ ಫ್ಲೋರ್ ಬೇಕು, ಇಲ್ಲವೇ ಕೆಲಸ ಮಾಡುವ ಲಿಫ್ಟ್ ಇರಬೇಕು. ಕೂರುವ ಕಮೋಡ್ ಇರಲೇಬೇಕು. ಬಾತ್‌ರೂಮಿನ ಬಾಗಿಲಲ್ಲಿ ಎತ್ತರದ ಹೊಸ್ತಿಲು ಇದೆಯಾ ಅಂತ ಕೇಳಿ. ಸಾಧ್ಯವಾದರೆ ಒಂದು ಆದಿತ್ಯವಾರ ನಿಮ್ಮ ಯಜಮಾನರೇ ಲೋಕಲ್ಲಿನಲ್ಲಿ ಹೋಗಿ ಕಣ್ಣಾರೆ ನೋಡಿ ಬರಲಿ. ತಾನೇ ನೋಡಿ ಬಂದ ರೂಮನ್ನು ಅವರು ತಮ್ಮನ ಮುಂದೆ ಧೈರ್ಯವಾಗಿ ಹೇಳುತ್ತಾರೆ, ಅದು ನಿಮ್ಮ ಅರ್ಧ ಸಮಸ್ಯೆಯನ್ನೇ ಬಗೆಹರಿಸುತ್ತದೆ.

ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ. ನೀವು ತಲುಪುವುದು ಬೆಳಿಗ್ಗೆ. ಮೂರೂ ರೂಮು ಮುಂಚೆ ಬೇಡ, ಅತ್ತೆಗೆ ಒಂದು ರೂಮು ಬೆಳಿಗ್ಗೆಯೇ ಕೊಡಿ, ಬೇಕಾದರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಡುತ್ತೇವೆ ಅನ್ನಿ. ವಾರದ ನಡುವಿನ ದಿನ ಆದರೆ ರೂಮು ಖಾಲಿ ಇರುತ್ತದೆ, ಹೆಚ್ಚಾಗಿ ಒಪ್ಪುತ್ತಾರೆ. ರಾತ್ರಿ ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತ ಕೇಳಿ, ಒಂಬತ್ತು ಜನರ ಊಟ ಬೆಳಿಗ್ಗೆಯೇ ಹೇಳಿಡಿ. ವಾಟರ್ ಪಾರ್ಕಿಗೂ ಹೋಗುವುದಾದರೆ ಒದ್ದೆ ಬಟ್ಟೆ ಹರವಲು ಬಾಲ್ಕನಿ ಬೇಕು. ಆದರೆ ಅದರ ಟಿಕೆಟ್ ಬೇರೆ, ಒಂದೇ ದಿನದಲ್ಲಿ ಎರಡನ್ನೂ ತುರುಕಬೇಡಿ.

ಯಾರಾದರೂ ಬಂಗಲೆ ಬಾಡಿಗೆಗೆ ಹಿಡಿಯಿರಿ ಅಂತ ಹೇಳಿಯೇ ಹೇಳುತ್ತಾರೆ. ಎರಡು ಮೂರು ದಿನ ಇರುವವರಿಗೆ ಅದು ಚೆನ್ನ. ಒಂದು ರಾತ್ರಿಗೆ, ವಯಸ್ಸಾದವರನ್ನು ಕರೆದುಕೊಂಡು, ಡಿಪಾಸಿಟ್ ಕೊಟ್ಟು, ಪಕ್ಕದ ಬಂಗಲೆಯ ಹುಡುಗರ ಹಾಡು ಕೇಳುತ್ತಾ ಮಲಗುವುದು ಬೇಡ.

ದಿನದ ಬಗ್ಗೆ ಒಂದು ಮಾತು. ಕರ್ನಾಟಕದ ಶಾಲೆಗಳಿಗೆ ದಸರಾ ರಜೆ ದೊಡ್ಡದು. ಮಹಾರಾಷ್ಟ್ರದ ಶಾಲೆಗಳ ದೊಡ್ಡ ರಜೆ ದೀಪಾವಳಿಗೆ. ಹಾಗಾಗಿ ನಿಮ್ಮ ನೆಂಟರು ಬರುವ ವಾರದ ನಡುವೆ ಇಲ್ಲಿ ಪಾರ್ಕಿಗೂ ಲಾಡ್ಜಿಗೂ ರಶ್ ಕಡಿಮೆ. ವಿಜಯದಶಮಿ, ಗಾಂಧಿ ಜಯಂತಿ, ಶನಿವಾರ, ಆದಿತ್ಯವಾರ ಬಿಟ್ಟು ಒಂದು ದಿನ ನೋಡಿ. ನಿಮ್ಮ ಮಕ್ಕಳಿಗೆ ಎರಡು ದಿನ ಶಾಲೆ ತಪ್ಪುತ್ತದೆ, ಪರವಾಗಿಲ್ಲ. ಟಿಕೆಟ್ ದರವೂ ದಿನಕ್ಕೆ ತಕ್ಕಂತೆ ಬದಲಾಗುತ್ತದೆ, ಆನ್‌ಲೈನಿನಲ್ಲಿ ಮುಂಚೆಯೇ ತೆಗೆದುಕೊಳ್ಳಿ. ಪಾರ್ಕ್ ಅವತ್ತು ತೆರೆದಿರುತ್ತದೆಯೇ ಅಂತಲೂ ಅಲ್ಲೇ ಕಾಣುತ್ತದೆ.

ಈಗ ನಿಮ್ಮ ಮನಸ್ಸಿನ ವಿಷಯ. ನೀವು ಬರೆದ ಕಾಗದವನ್ನು ಮತ್ತೆ ಮತ್ತೆ ಓದಿದೆ. ವಾರಗಿತ್ತಿ ನಿಮ್ಮನ್ನು ಹೀಯಾಳಿಸಿದ ಒಂದು ಮಾತೂ ಅದರಲ್ಲಿ ಇಲ್ಲ. "ಅಕ್ಕಾ" ಅಂತ ಕರೆದು ಒಂದು ಫೋಟೊ ಕಳಿಸಿದ್ದಾಳೆ, ಅಷ್ಟೇ. ನಿಮ್ಮ ಹತ್ತಿರ ಎಷ್ಟಿದೆ ಅಂತ ಅವಳಿಗೆ ಯಾರೂ ಹೇಳಿಲ್ಲ. ಹೇಳದೆ ಅವಳಿಗೆ ಹೇಗೆ ಗೊತ್ತಾಗಬೇಕು? ನೀವು, ಯಜಮಾನರು ಇಬ್ಬರೂ ಸೇರಿ ಅವಳ ಬಾಯಲ್ಲಿ ಅವಳು ಆಡದ ಮಾತು ಇಟ್ಟುಕೊಂಡು ಸಂಕಟಪಡುತ್ತಿದ್ದೀರಿ.

ಈ ವಾರವೇ ಅವಳಿಗೆ ನೀವೇ ಫೋನ್ ಮಾಡಿ. ವಾಟ್ಸಾಪಿನಲ್ಲಿ ಬರೆಯಬೇಡಿ, ಬರೆದರೆ ದನಿ ಕೇಳುವುದಿಲ್ಲ. ಸುಮ್ನೆ ಹೀಗೆ ಹೇಳಿ: "ನೀನು ಕಳಿಸಿದ ಹೋಟೆಲ್ ಚೆನ್ನಾಗಿದೆ ಮಾರಾಯ್ತಿ, ಆದರೆ ಅದು ನಮ್ಮ ಕೈಗೆ ಎಟುಕಲ್ಲ. ನಾನು ಇದಕ್ಕೆ ಅಂತ ನಲವತ್ತು ಸಾವಿರ ಕೂಡಿಸಿಟ್ಟಿದ್ದೇನೆ. ಮಕ್ಕಳ ಟಿಕೆಟ್, ಎಲ್ಲರ ಊಟ, ರೂಮು ಎಲ್ಲ ಅದರಲ್ಲೇ ಚೆನ್ನಾಗಿ ಮಾಡಬೇಕು ಅಂತ ಆಸೆ. ಖೋಪೋಲಿಯಲ್ಲಿ ಒಂದು ಕ್ಲೀನ್ ಜಾಗ ನೋಡಿದ್ದೀವಿ, ಅತ್ತೆಗೂ ಅನುಕೂಲ." ಮೊತ್ತ ಹೇಳಲು ಹಿಂಜರಿಯಬೇಡಿ. ಮೊತ್ತ ಕೇಳಿದ ಮೇಲೆ ಮನೆಯವರು ಊಹೆ ಮಾಡುವುದು ನಿಲ್ಲಿಸುತ್ತಾರೆ.

ಅವಳು "ಉಳಿದದ್ದು ನಾವು ಹಾಕ್ತೀವಿ, ಅಲ್ಲೇ ಇರೋಣ" ಅಂದರೆ? ಅದನ್ನು ಒಪ್ಪದಿರುವುದು ಒಳ್ಳೆಯದು ಅಂತ ನನಗನಿಸುತ್ತದೆ. ಆತಿಥ್ಯ ನಿಮ್ಮದು ಅಂತ ನೀವು ಮಾತು ಕೊಟ್ಟಾಗಿದೆ, ಯಜಮಾನರಿಗೂ ಅದು ಮುಳ್ಳಾಗಿ ಉಳಿಯುತ್ತದೆ. ಆದರೆ ಏನನ್ನೂ ಕೊಡಬೇಡ ಅನ್ನಬೇಡಿ. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ, ಅಲ್ಲಿನ ಮಧ್ಯಾಹ್ನದ ಊಟ ನಿಮ್ಮದು ಅಂತ ಅವಳಿಗೆ ಬಿಡಿ. ತಮ್ಮನ ಮನೆಯವರೂ ಖರ್ಚು ಮಾಡಿದ ಸಮಾಧಾನ ಅವರಿಗಿರಲಿ. ನಾವು ನಾಲ್ವರು ಮಾತ್ರ ದೊಡ್ಡ ಹೋಟೆಲಿನಲ್ಲಿ ಇರುತ್ತೇವೆ ಅಂದರೂ ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳು ಹಗಲೆಲ್ಲ ಒಟ್ಟಿಗೇ ಇರುತ್ತಾರೆ, ನಿಮಗೆ ಒಂದು ರೂಮು ಕಡಿಮೆ ಸಾಕು.

ಯಜಮಾನರ ಮೇಲೆ ಸಿಟ್ಟಾಗಬೇಡಿ. ಅಣ್ಣ ಅನ್ನಿಸಿಕೊಂಡವರಿಗೆ ತಮ್ಮನೇ ತಮಗಿಂತ ಮುಂದೆ ಹೋದಾಗ ಒಳಗೊಳಗೇ ಒಂದು ನೋವಿರುತ್ತದೆ, ಅದನ್ನು ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ. "ನೀವು ಕರೆದುಕೊಂಡು ಹೋಗ್ತಿದ್ದೀರಿ, ಅಷ್ಟೇ ಸಾಕು ಅವರಿಗೆ" ಅಂತ ಒಮ್ಮೆ ಹೇಳಿ. ಲಾಡ್ಜ್ ನೋಡಿ ಬರುವ ಕೆಲಸ, ತಾಯಿಯ ದರ್ಶನದ ಜವಾಬ್ದಾರಿ ಅವರ ಕೈಗೆ ಕೊಡಿ.

ವಾರಗಿತ್ತಿಯ ಜೊತೆ ಮಾತು ಮುಗಿದ ಮೇಲೆಯೇ ಲಾಡ್ಜಿಗೆ ಅಡ್ವಾನ್ಸ್ ಕಳಿಸಿ. ಪೂರ್ತಿ ಹಣ ಬೇಡ, ಒಂದು ರೂಮಿನ ಬಾಡಿಗೆ ಸಾಕು. ಯುಪಿಐಯಲ್ಲಿ ಲಾಡ್ಜಿನ ಹೆಸರು ಕಾಣುತ್ತದೆಯೇ ನೋಡಿ, ಗಾದಿ, ಬಿಸಿನೀರು, ಬೆಳಗಿನ ರೂಮು ಎಲ್ಲವನ್ನೂ ಮೆಸೇಜಿನಲ್ಲಿ ಬರೆಸಿಕೊಳ್ಳಿ. ದೊಡ್ಡವರೆಲ್ಲರ ಆಧಾರ್ ಇಟ್ಟುಕೊಂಡಿರಿ. ಟಿಕೆಟ್ ತೆಗೆಯುವ ಮುಂಚೆ ನಾಲ್ಕೂ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ನೈಟ್ರೊದಂಥ ದೊಡ್ಡ ರೋಲರ್ ಕೋಸ್ಟರಿಗೆ ಇಷ್ಟು ಎತ್ತರ ಇರಬೇಕು ಅಂತ ನಿಯಮವಿದೆ. ಯಾರಿಗೆ ಯಾವ ಆಟ ಸಿಗುವುದಿಲ್ಲ ಅಂತ ಮನೆಯಲ್ಲೇ ಹೇಳಿಬಿಟ್ಟರೆ ಅಲ್ಲಿ ಗೇಟಿನ ಮುಂದೆ ಅಳು ಇರುವುದಿಲ್ಲ. ನಿಮ್ಮ ಎತ್ತರಕ್ಕೆ ಯಾರ ಅಡ್ಡಿಯೂ ಇಲ್ಲ. ನೀವೂ ಹತ್ತಿ.