ಎಲೆಕ್ಟ್ರಿಕ್ ಕಾರಿಗೆ ತೆರಿಗೆ ಬಿಟ್ಟರೆ ಒಂದು ಟನ್ ಇಂಗಾಲ ಎಷ್ಟಕ್ಕೆ ಬೀಳುತ್ತೆ?

ಹೊಗೆ ಕಡಿಮೆ ಮಾಡೋಕೆ ಎಲೆಕ್ಟ್ರಿಕ್ ಕಾರಿಗೆ ರಸ್ತೆ ತೆರಿಗೆ ಬಿಡೋದು ಅಗ್ಗವೋ, ಪೆಟ್ರೋಲ್ ಮೇಲೆ ತೆರಿಗೆ ಏರಿಸೋದು ಅಗ್ಗವೋ ಅಂತ ಕೇಳಿದ್ದೀರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ: ಹೊರಬರದಂತೆ ತಪ್ಪಿಸಿದ ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಎಷ್ಟು ರೂಪಾಯಿ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಹೊರಬರುತ್ತೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ವರ್ಷಕ್ಕೆ 10,000 ಕಿ.ಮೀ. ಓಡಿದರೆ 1.53 ಟನ್. ಅಷ್ಟೇ ದೂರಕ್ಕೆ ಎಲೆಕ್ಟ್ರಿಕ್ ಕಾರಿಗೆ, ಚಾರ್ಜ್ ಆಗುವಾಗ ಸೋರುವುದೂ ಸೇರಿ, 1,500 ಯೂನಿಟ್ ಹಿಡಿಯಿರಿ. ನಮ್ಮ ಗ್ರಿಡ್‌ಗೆ (ವಿದ್ಯುತ್ ಜಾಲಕ್ಕೆ) ಬರುವ ವಿದ್ಯುತ್ ತಯಾರಾಗುವಾಗ ಯೂನಿಟ್ಟಿಗೆ ಸುಮಾರು 0.72 ಕೆ.ಜಿ. ಹೊರಬರುತ್ತೆ, ಅಂದರೆ 1.08 ಟನ್. ಉಳಿದದ್ದು 0.45 ಟನ್ ಮಾತ್ರ. ಎಲೆಕ್ಟ್ರಿಕ್ ಕಾರಿನ ಹೊಗೆ ಸೊನ್ನೆ ಅಂದುಕೊಂಡು ಲೆಕ್ಕ ಹಾಕುವವರು ಎಡವೋದು ಇಲ್ಲೇ. ಬ್ಯಾಟರಿ ತಯಾರಿಕೆಯ ಹೊಗೆಯನ್ನು ನಾನಿಲ್ಲಿ ಸೇರಿಸಿಲ್ಲ. ಮುಂದೆ ಸೌರ ವಿದ್ಯುತ್ ಹೆಚ್ಚಿದಂತೆ ಉಳಿತಾಯ ಬೆಳೆಯುವುದನ್ನೂ ಸೇರಿಸಿಲ್ಲ.

ಹತ್ತು ವರ್ಷಕ್ಕೆ 4.5 ಟನ್ ಆಯಿತು. 10 ಲಕ್ಷದ ಕಾರಿಗೆ ಶೇ. 14ರ ಲೆಕ್ಕದಲ್ಲಿ 1.4 ಲಕ್ಷ ತೆರಿಗೆ ಬಿಟ್ಟರೆ ಟನ್ನಿಗೆ ಸುಮಾರು 31,000 ರೂ. ವಿನಾಯಿತಿ ಇಲ್ಲದಿದ್ದರೂ ಹತ್ತರಲ್ಲಿ ನಾಲ್ಕು ಜನ ಅದೇ ಕಾರು ಕೊಳ್ಳುತ್ತಿದ್ದರು ಅಂತಾದರೆ ಅದು 52,000ಕ್ಕೆ ಏರುತ್ತೆ. ವರ್ಷಕ್ಕೆ 50,000 ಕಿ.ಮೀ. ಓಡುವ ಟ್ಯಾಕ್ಸಿಗೆ ಕೊಟ್ಟರೆ ಐದೇ ವರ್ಷದಲ್ಲಿ 11 ಟನ್ ದಾಟಿ, ಟನ್ನಿಗೆ 12,500 ರೂ. ಒಳಗೇ ಬೀಳುತ್ತೆ. ಕಡಿಮೆ ಓಡುವ, ಮನೆಯ ಎರಡನೇ ಕಾರಿಗೆ ಕೊಡುವ ವಿನಾಯಿತಿ ನನ್ನ ಪ್ರಕಾರ ತೀರಾ ದುಂದು.

ಇದು ಖಜಾನೆಯ ಲೆಕ್ಕ, ದೇಶದ ಲೆಕ್ಕ ಬೇರೆ. ಬಿಟ್ಟ ತೆರಿಗೆ ಕೊಂಡವರ ಜೇಬಿಗೆ ಹೋಯಿತು, ಕರಗಿಹೋಗಲಿಲ್ಲ. ದೇಶಕ್ಕೆ ಆದ ಖರ್ಚು ಎಂದರೆ ಕಾರು ಮತ್ತು ಚಾರ್ಜರ್ ಮಾಡಲು ತಗುಲಿದ ಹೆಚ್ಚುವರಿ ವೆಚ್ಚ. ಅದರಲ್ಲಿ ಇಂಧನದ ಉಳಿತಾಯ ಕಳೆಯಿರಿ. ಆ ಉಳಿತಾಯವನ್ನು ಬಂಕ್ ದರದಲ್ಲಿ ಹಿಡಿಯಬೇಡಿ. ತೆರಿಗೆ ತೆಗೆದ ದರ ಹಿಡಿಯಿರಿ.

ಇನ್ನೊಂದು ತೊಡಕು ಕೆಫೆ (CAFE) ನಿಯಮದ್ದು, ಅಂದರೆ ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಹೊಗೆಗೆ ಕೇಂದ್ರ ಸರ್ಕಾರ ಹಾಕಿದ ಮಿತಿಯದ್ದು. 2022-23ರಿಂದ ಆ ಸರಾಸರಿ ಸುಮಾರು 113 ಗ್ರಾಂ/ಕಿ.ಮೀ. ಒಳಗಿರಬೇಕು. ಅದರಲ್ಲಿ ಎಲೆಕ್ಟ್ರಿಕ್ ಕಾರಿಗೆ ತೀರಾ ಕಡಿಮೆ ಗ್ರಾಂ, ಮೇಲಾಗಿ ಒಂದನ್ನು ಮೂರು ಕಾರೆಂದು ಎಣಿಕೆ. ಹಾಗಾಗಿ ಮಾರಾಟವಾದ ಒಂದೊಂದು ಎಲೆಕ್ಟ್ರಿಕ್ ಕಾರೂ ಅದೇ ಕಂಪನಿಗೆ ದೊಡ್ಡ ಎಸ್‌ಯುವಿ ಮಾರಲು ಜಾಗ ಮಾಡಿಕೊಡುತ್ತೆ. ಮಿತಿ ಬಿಗಿಯಾಗಿದ್ದಾಗ ರಾಜ್ಯದ ವಿನಾಯಿತಿಯಿಂದ ಉಳಿದ ಟನ್ ಹೀಗೆ ಸೋರಿಹೋಗಬಹುದು.

ಪೆಟ್ರೋಲ್ ತೆರಿಗೆಗೆ ಈ ಸೋರಿಕೆ ಇಲ್ಲ. ಲೀಟರಿಗೆ 2.30 ರೂ. ಏರಿಸಿದರೆ ಟನ್ನಿಗೆ 1,000 ರೂ. ಹಾಕಿದಂತೆ, ಹಳೇ ಕಾರಿಗೂ, ಓಡಿದ ಪ್ರತಿ ಕಿಲೋಮೀಟರಿಗೂ ತಟ್ಟುತ್ತೆ. ಜನ ಕೈಬಿಟ್ಟ ಓಡಾಟದಿಂದ ಅವರಿಗಾಗುವ ನಷ್ಟ ಟನ್ನಿಗೆ 1,000 ರೂ. ಮೀರಲ್ಲ, ಮೀರುವಂತಿದ್ದರೆ ತೆರಿಗೆ ಕಟ್ಟಿಯೇ ಓಡಾಡುತ್ತಿದ್ದರು. ನನ್ನ ಮತ ಇದಕ್ಕೇ. ಆದರೆ ಬಸ್ಸಿಲ್ಲದ ಊರಿನವರಿಗೆ ಕೈಬಿಡುವ ಆಯ್ಕೆಯೇ ಇಲ್ಲ. ಫ್ರಾನ್ಸ್‌ನಲ್ಲಿ 2018ರಲ್ಲಿ ಜನ ಹಳದಿ ಜಾಕೆಟ್ ತೊಟ್ಟು ಬೀದಿಗಿಳಿದದ್ದು ಇಂಥ ಏರಿಕೆಯ ವಿರುದ್ಧವೇ. ಬಂದ ಹಣದಲ್ಲಿ ಮೊದಲು ಅಂಥ ಊರುಗಳಿಗೆ ಬಸ್ ಓಡಿಸಬೇಕು.