ಗಂಜ್‌ನಲ್ಲೇ ಉಳಿದುಹೋದ ಬರಹ

ಪ್ರಿಯರೇ,

‘ಮಹಾನಗರದಲ್ಲಿ ನನ್ನ ಮೊದಲ ದಿನ’ ಓದಿದೆ. ಶಹಾಪುರ ತಾಲ್ಲೂಕಿನ ಹಳ್ಳಿಯಿಂದ ಕಾಕಾ ಜೊತೆ ತೊಗರಿ ಗಾಡಿಯಲ್ಲಿ ಕಲಬುರಗಿಗೆ ಬಂದು, ಗಂಜ್ (ಕಾಳು ಮಾರುವ ಸಗಟು ಮಾರುಕಟ್ಟೆ), ಸೂಪರ್ ಮಾರ್ಕೆಟ್, ಕೋಟೆ, ಶರಣಬಸವೇಶ್ವರ ಗುಡಿ ನೋಡಿ, ರಾತ್ರಿ ಬಸ್ಸಿಗೆ ವಾಪಸ್ ಹೋದ ದಿನದ ಪ್ರಬಂಧ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ‘ವಿಷಾದಿಸುತ್ತೇವೆ’ ಎಂದು ಬರೆದು ಮುಗಿಸಲೂ ಮನಸ್ಸಾಗಲಿಲ್ಲ. ಇದರೊಳಗೆ ಒಂದು ಒಳ್ಳೆಯ ಬರಹ ಇದೆ. ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿ ಹೋಗಿದ್ದೀರಿ.

ಆ ಸಾಲು ಇದು: “ಗಂಜ್‌ನಲ್ಲಿ ಕಾಕಾನ ಕೆಲಸ ಮುಗಿದ ಮೇಲೆ ನಗರ ನೋಡಲು ಹೊರಟೆವು.”

ಹೇಗೆ ಮುಗಿಯಿತು ಆ ಕೆಲಸ? ಚೀಲ ಬಿಚ್ಚಿ ವರ್ಷದ ಬೆಳೆಯನ್ನು ರಾಶಿ ಸುರಿದಾಗ ಕಾಕಾ ಎಲ್ಲಿ ನಿಂತಿದ್ದರು? ಖರೀದಿದಾರ ಒಂದು ಹಿಡಿ ಕಾಳು ಎತ್ತಿ, ಅಂಗೈಯಲ್ಲಿ ಆಡಿಸಿ, ಏನೂ ಹೇಳದೆ ಪಕ್ಕದ ರಾಶಿಗೆ ಹೋಗುತ್ತಾನಲ್ಲ, ಆಗ ಅವರ ಮುಖ ಹೇಗಿತ್ತು? ಟೆಂಡರ್ ದರ ಗೊತ್ತಾಗುವ ತನಕ ಇಬ್ಬರೂ ಏನು ಮಾತಾಡಿದಿರಿ? ಹಮಾಲರು ತೂಕಕ್ಕೆ ಹಾಕಿದ ಮೇಲೆ ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಮಾರಾಟದ ಲೆಕ್ಕದ ಪಟ್ಟಿ ಬರೆಯುತ್ತಾರೆ. ಮೊದಲೇ ತಂದ ಮುಂಗಡ ಏನಾದರೂ ಇತ್ತಾ? ಅದೆಲ್ಲ ಹೋಗಿ ಕೈಗೆ ಎಷ್ಟು ಬಂತು? ಆ ಮೊತ್ತ ಗೊತ್ತಾದರೆ ಮಧ್ಯಾಹ್ನ ಸೂಪರ್ ಮಾರ್ಕೆಟ್‌ನಲ್ಲಿ ಕಾಕಾ ಚಪ್ಪಲಿಯ ಬೆಲೆ ಕೇಳಿ ಹಾಗೇ ಇಟ್ಟು ಬಂದದ್ದು ನನಗೆ ಅರ್ಥವಾಗುತ್ತದೆ. ಈಗ ಅದು ಬರೀ ಚೌಕಾಸಿ ಅನಿಸುತ್ತದೆ, ಅಷ್ಟೆ.

ಕೊನೆಯ ಪುಟದಲ್ಲಿ “ಈ ಮಹಾನಗರಕ್ಕೆ ನಾನು ಯಾರೂ ಅಲ್ಲ” ಎಂದಿದ್ದೀರಿ. ಓದಿ ಸ್ವಲ್ಪ ಸಿಟ್ಟು ಬಂತು. ಇಲ್ಲಿನ ದಾಲ್ ಮಿಲ್‌ಗಳು ಓಡುವುದು ಯಾರ ಹೊಲದ ಕಾಳಿನಿಂದ? ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಮಾಲು ಎಂಬ ಅಧಿಕೃತ ಗುರುತು, ಸಿಕ್ಕಿದೆ. (ಇದನ್ನು ಪ್ರಬಂಧದಲ್ಲಿ ಸೇರಿಸಿ ಅಂತ ಹೇಳುತ್ತಿಲ್ಲ, ದಯವಿಟ್ಟು ಸೇರಿಸಬೇಡಿ.) ಈ ಊರಿಗೆ ಮಾಲು ತಂದವರು ನೀವು. ಚೀಲಗಳ ಮೇಲೆ ಕೂತು, ಜೇವರ್ಗಿ ದಾಟಿ, ಚಳಿಯಲ್ಲಿ ಭೀಮಾ ಸೇತುವೆ ಮೇಲೆ ಬಂದವರು. ಬರೆಯಲು ಕೂತಾಗ ಮಾತ್ರ ಪ್ರವಾಸಿಯ ವೇಷ ಹಾಕಿಕೊಂಡಿದ್ದೀರಿ.

ಆ ವೇಷದಿಂದಲೇ ‘ಗಗನಚುಂಬಿ ಕಟ್ಟಡಗಳು’, ‘ಜನಸಾಗರ’, ‘ಯಾಂತ್ರಿಕ ಬದುಕು’ ಎಲ್ಲ ಬಂದಿವೆ. ಸೂಪರ್ ಮಾರ್ಕೆಟ್ ಸುತ್ತ ಗಗನಚುಂಬಿ ಕಟ್ಟಡ ಎಲ್ಲಿದೆ ಹೇಳಿ, ನಾನೂ ಹೋಗಿ ನೋಡುತ್ತೇನೆ! ಬದಲಿಗೆ ಆ ಹೆಸರು ಕೇಳಿ ಗಾಜಿನ ಬಾಗಿಲಿನ, ಏಸಿ ಹಾಕಿದ ಅಂಗಡಿ ಇರುತ್ತದೆ ಅಂದುಕೊಂಡು ಬಂದು, ತಳ್ಳುಗಾಡಿ, ಬಟ್ಟೆ ಅಂಗಡಿ, ಹಾರ್ನ್ ನಡುವೆ ಬೆಪ್ಪಾಗಿ ನಿಂತಿರಲ್ಲ, ಅದು ನಿಜವಾಗಿ ನಡೆದದ್ದು. ಅದನ್ನು ಇನ್ನೂ ಬೆಳೆಸಿ.

ಕೋಟೆಯ ಬಗ್ಗೆ ಒಂದು ಪುಟ ಪೂರ್ತಿ ಇತಿಹಾಸ. 1347ರಲ್ಲಿ ಬಹಮನಿ ರಾಜ್ಯ ಶುರುವಾದದ್ದು, ಕಲಬುರಗಿ ರಾಜಧಾನಿಯಾದದ್ದು, ಮುಂದೆ ರಾಜಧಾನಿ ಬೀದರ್‌ಗೆ ಹೋದದ್ದು. ತಪ್ಪಿಲ್ಲ. ಆದರೆ ಇಷ್ಟು ಬರೆಯಲು ಕೋಟೆ ತನಕ ಬರಬೇಕಿರಲಿಲ್ಲ, ಅಲ್ವಾ? ಅದೇ ಪುಟದ ಕೆಳಗೆ, ಕೋಟೆಯ ಜಾಮಿ ಮಸೀದಿಯೊಳಗೆ ಕಾಕಾ ತಲೆ ಎತ್ತಿ “ಇಷ್ಟ್ ಜಾಗದಾಗ ಎಷ್ಟ್ ಚೀಲ ಹಿಡಿತಾವೋ” ಅಂದದ್ದನ್ನು ಕಂಸದಲ್ಲಿ ಹಾಕಿದ್ದೀರಿ. ‘ಕಾಕಾನ ಅಜ್ಞಾನಕ್ಕೆ ಕ್ಷಮೆಯಿರಲಿ’ ಎಂದು ಬೇರೆ ಸೇರಿಸಿದ್ದೀರಿ. ಎಂಥ ಅಜ್ಞಾನ? ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ತೆರೆದ ಅಂಗಳ ಇರುತ್ತದೆ. 1367ರಲ್ಲಿ ಕಟ್ಟಿದ ಈ ಮಸೀದಿಯಲ್ಲಿ ಅದಿಲ್ಲ, ಇಡೀ ಕಟ್ಟಡ ಚಾವಣಿಯ ಕೆಳಗೇ ಇದೆ. ಇದರ ಹೆಸರು ದೂರದವರೆಗೆ ಹೋಗಿರುವುದೂ ಅದಕ್ಕೇ. ಮಳೆಗೆ ಮಾಲು ನೆನೆಯುತ್ತದೆ ಎಂಬ ಹೆದರಿಕೆಯಲ್ಲೇ ಬಾಳಿದ ರೈತ ಅದನ್ನು ಒಂದೇ ನೋಟಕ್ಕೆ ಹಿಡಿದಿದ್ದಾರೆ. ಕಂಸ ತೆಗೆಯಿರಿ, ಕ್ಷಮೆಯನ್ನೂ ತೆಗೆಯಿರಿ. 1347 ಹೋದರೆ ನಷ್ಟವಿಲ್ಲ.

ಇಡೀ ಬರಹದಲ್ಲಿ ಕಾಕಾ ತಮ್ಮ ದನಿಯಲ್ಲಿ ಮಾತಾಡಿದ್ದು ಆಗ ಮಾತ್ರ. ಬೇರೆ ಕಡೆ “ಮಗೂ, ನಗರದಲ್ಲಿ ಎಚ್ಚರಿಕೆಯಿಂದ ಸಂಚರಿಸಬೇಕು” ಎನ್ನುತ್ತಾರೆ. ಶಹಾಪುರ ಕಡೆಯವರು ಹೀಗೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. “ಹುಷಾರ್ ನಡಿಯಪಾ, ಗಾಡಿ ಬರ್ತಾವ” ಅಂದಿರಬೇಕು. ಹಾಗೇ ಬರೆಯಿರಿ, ಓದುಗರಿಗೆ ತಿಳಿಯುತ್ತದೆ.

ಗುಡಿಯ ಭಾಗ ಚೆನ್ನಾಗಿದೆ, ಆದರೆ ಇಲ್ಲಿ ಬೇಡ. ‘ಹಳ್ಳಿಯೇ ಸ್ವರ್ಗ, ನಗರ ನರಕ’ ಎಂಬ ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ಒಂದು ಹಗಲು ಇದ್ದು ಹೋದವರು ಇಷ್ಟು ದೊಡ್ಡ ತೀರ್ಪು ಕೊಡುವುದು ಜಾಸ್ತಿಯಾಯಿತು.

ಮತ್ತೆ ಬರೆಯುವ ಮೊದಲು ಕಾಕಾನ ಹತ್ತಿರ ಒಂದು ಸಂಜೆ ಕೂತು ಆ ಅಡತ್ ಪಟ್ಟಿ ತೋರಿಸಲು ಹೇಳಿ. ಎಂಟುನೂರು ಪದ ಸಾಕು. ಈ ಸಲ ನುಡಿ ಫಾಂಟ್ ಬೇಡ, ನಮ್ಮಲ್ಲಿ ತೆರೆದಾಗ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗಿತ್ತು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ.

ಸಂಪಾದಕ